ಅವ್ವ 5 ಅಂತ ಸರಿಯಾಗೇ ಬರೆದಿದ್ಲು

(1/8)
ಹೋದ ವಾರ ಸ್ಟೋರಿಯಲ್ಲಿ ಒಂದು ಫೋಟೊ ಹಾಕಿದ್ದೆ, ನೋಡಿದವರಿಗೆ ನೆನಪಿರಬೇಕು. ಫೋನಿನ ಕಪ್ಪು ಪರದೆ ಮೇಲೆ ಕೆಂಪು ಅಕ್ಷರಗಳು, ಪಕ್ಕದಲ್ಲಿ ಹಿಟ್ಟು ಮೆತ್ತಿದ ಅವ್ವನ ಹೆಬ್ಬೆರಳು. "ಏನಾತು?" ಅಂತ ಭಾಳ ಮಂದಿ ಕೇಳಿದ್ರಿ. "ನನ್ನ ಗೇಮ್ ಕೆಟ್ಟಿತ್ತು" ಅಂತ ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಅದು ಅರ್ಧ ಮಾತ್ರ ನಿಜ. ಪೂರ್ತಿ ಹೇಳೋಣ ಅಂದ್ರೆ ಇಲ್ಲಿ ಒಂದು ಕ್ಯಾಪ್ಷನ್‌ಗೆ 2200 ಅಕ್ಷರ ಮಾತ್ರ. ಅದಕ್ಕೇ ಎಂಟು ತುಂಡು ಮಾಡೀನಿ. ಪುರುಸೊತ್ತು ಇದ್ದಾಗ ಓದ್ರಿ.

ಹೊಸಬರಿಗೆ: ನಾನು ಬಿಕಾಂ ನಾಲ್ಕನೇ ಸೆಮಿಸ್ಟರ್. ಮನೆ ಹಳೇ ಹುಬ್ಬಳ್ಳಿ, ಕಾಲೇಜು ಧಾರವಾಡ. ದಿನಾ ಚಿಗರಿ ಬಸ್ಸು. ಸೀಟು ಸಿಕ್ಕರೆ ಉಣಕಲ್‌ನಿಂದ ಜುಬಿಲಿ ಸರ್ಕಲ್‌ವರೆಗೆ ಫೋನಿನಲ್ಲೇ ಪೈಥಾನ್ ಕಲಿಯೋದು, ಸಿಗದಿದ್ರೆ ಕಂಬಿ ಹಿಡಿದು ನಿಂತು ಅದೇ ಕೋಡ್ ಬಗ್ಗೆ ಯೋಚನೆ ಮಾಡೋದು. ಲ್ಯಾಪ್‌ಟಾಪ್ ಇಲ್ಲ. ಕಾಲೇಜಿನಲ್ಲಿ ಯಾರೂ ಕಲಿ ಅಂದಿಲ್ಲ. ಟ್ಯಾಲಿ ಕಲಿಯುವಾಗ ತಪ್ಪು ತಾರೀಖು ಹಾಕಿದ್ರೆ ಅದು ಮುಂದಕ್ಕೇ ಬಿಡ್ತಿರಲಿಲ್ಲ. "ಇದಕ್ಕೆ ಹೆಂಗ ಗೊತ್ತಾಗ್ತೈತಿ?" ಅನ್ನೋ ಹುಳ ತಲೆಗೆ ಹೊಕ್ಕಿತು, ಅಷ್ಟೇ.

ನನ್ನ ಮೊದಲ ಗೇಮ್‌ನ ಹೆಸರು "ರೊಟ್ಟಿ ಅಂಗಡಿ". ನಮ್ಮವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಎರಡು ಖಾನಾವಳಿಗೆ ಕೊಡ್ತಾಳೆ, ಗೇಮ್ ಅಲ್ಲಿಂದಲೇ ಬಂತು. ದಿನಾ ಬೆಳಿಗ್ಗೆ ಗೇಮ್ ಎರಡು ಪ್ರಶ್ನೆ ಕೇಳುತ್ತೆ: ಎಷ್ಟು ಕೆಜಿ ಹಿಟ್ಟು ತರ್ತೀರಿ? ಎಷ್ಟು ರೊಟ್ಟಿ ಬಡೀತೀರಿ? ಕೈಯಲ್ಲಿ ₹1000 ಬಂಡವಾಳ. ಹಿಟ್ಟು ಕೆಜಿಗೆ ₹40, ಕೆಜಿಗೆ 15 ರೊಟ್ಟಿ, ರೊಟ್ಟಿಗೆ ₹10. ಗಿರಾಕಿ ಎಷ್ಟು ಬರ್ತಾರೆ ಅನ್ನೋದು ಪೈಥಾನ್‌ನ ರ‍್ಯಾಂಡಮ್ ಕೈಯಲ್ಲಿ. ಉಳಿದ ರೊಟ್ಟಿ ಒಣಗಿಸಿ ಮರುದಿನ ಖಡಕ್ ರೊಟ್ಟಿ ಅಂತ ಕಡಿಮೆ ರೇಟಿಗೆ ಮಾರಬಹುದು. ಹತ್ತು ದಿನ ಆದ ಮೇಲೆ ಲಾಭ-ನಷ್ಟ ತೋರಿಸುತ್ತೆ.

(2/8)
ಗೇಮ್ ಮೊದಲು ಅವ್ವನಿಗೇ ಕೊಡಬೇಕು ಅಂತ ಆಸೆ. ಮಧ್ಯಾಹ್ನ ಹಂಚು ಇಳಿಸಿ ಕೂತಿದ್ಲು. ಫೋನ್ ಕೈಗೆ ಕೊಟ್ಟೆ. ಪರದೆ ಮೇಲೆ ಕನ್ನಡದಲ್ಲಿ ಪ್ರಶ್ನೆ ನೋಡಿ ನಕ್ಕಳು. "ನನ್ನ ಅಂಗಡೀನ ಇದರಾಗ ಹಾಕೀಯಲ್ಲ!"

"ಎಷ್ಟು ಕೆಜಿ ಹಿಟ್ಟು ತರ್ತೀರಿ?"

ಅವ್ವ ನಿಧಾನಕ್ಕೆ ಒತ್ತಿದಳು: 5 ಕೆಜಿ.

ಪರದೆ ತುಂಬ ಕೆಂಪು ಇಂಗ್ಲಿಷ್. ಗೇಮ್ ಸತ್ತೇ ಹೋಯ್ತು. ಸ್ಟೋರಿಯಲ್ಲಿ ನೀವು ನೋಡಿದ್ದು ಅದೇ ಫೋಟೊ.

"ಅಯ್ಯ, ನಾ ಏನರ ಕೆಡಿಸಿದ್ನೇನವಾ?"

"ಏನಿಲ್ಲ ಬಿಡು, ನೀ ಬರೇ 5 ಅಂತ ಬರೀಬೇಕಿತ್ತು" ಅಂದೆ. ಈ ಉತ್ತರ ನೆನಪಿಡ್ರಿ, ಆಮೇಲೆ ಇದಕ್ಕೇ ವಾಪಸ್ ಬರ್ತೀನಿ.

ಒಳಗೆ ಆಗಿದ್ದು ಇಷ್ಟು. ಪೈಥಾನ್‌ನ ಇನ್‌ಪುಟ್ ನೀವು ಏನೇ ಬರೆದ್ರೂ ಅದನ್ನ ಸ್ಟ್ರಿಂಗ್ ಅಂತಲೇ, ಅಂದ್ರೆ ಬರೀ ಅಕ್ಷರಗಳ ಸಾಲು ಅಂತಲೇ ತಗೊಳ್ಳುತ್ತೆ. 5 ಅಂತ ಒತ್ತಿದ್ರೂ ಅದು ಲೆಕ್ಕದ ಐದಲ್ಲ, ಐದರ ಚಿತ್ರ. ಅಂಥ ಎರಡು 5 ಕೂಡಿಸಿದ್ರೆ 10 ಬರಲ್ಲ, 55 ಬರುತ್ತೆ. ಅದನ್ನ ಲೆಕ್ಕದ ಸಂಖ್ಯೆ ಮಾಡೋಕೆ ಇಂಟ್ ಅನ್ನೋದರ ಕೈಗೆ ಕೊಡಬೇಕು. ಇಂಟ್ ಭಾಳ ಕಟ್ಟುನಿಟ್ಟು. ಹಿಂದೆ ಮುಂದೆ ಖಾಲಿ ಜಾಗ ಇದ್ರೆ ಸುಮ್ಮನಿರುತ್ತೆ. ಆದ್ರೆ "5 ಕೆಜಿ" ಅಂದ್ರೆ, "5.5" ಅಂದ್ರೆ, ನಮ್ಮ ಅಕೌಂಟ್ಸ್ ರೂಢಿಯಂತೆ ಅಲ್ಪವಿರಾಮ ಹಾಕಿ "1,000" ಅಂದ್ರೂ ವ್ಯಾಲ್ಯೂಎರರ್ ಅಂತ ಕೂಗಿ ನಿಂತುಬಿಡುತ್ತೆ. ಯಾರೂ ಹಿಡಿಯದಿದ್ರೆ ಆ ಕೂಗಿಗೆ ಇಡೀ ಗೇಮ್ ಬಿದ್ದುಹೋಗುತ್ತೆ.

ಈಗ ನೀವೇ ಹೇಳ್ರಿ. ಗಿರಣಿಯಲ್ಲಿ "ಎಷ್ಟು ಕೆಜಿ?" ಅಂದ್ರೆ ನೀವು ಏನಂತೀರಿ? "ಐದ್ ಕೆಜಿ" ಅಂತೀರಿ. ಅವ್ವನೂ ಅದನ್ನೇ ಅಂದಳು.

(3/8)
ಮರುದಿನ ಬಸ್ಸಿನಲ್ಲಿ ಸರಿ ಮಾಡೋಕೆ ಕೂತೆ. ಪೈಥಾನ್‌ನಲ್ಲಿ ಇದಕ್ಕೆ ಟ್ರೈ ಮತ್ತು ಎಕ್ಸೆಪ್ಟ್ ಅಂತ ಜೋಡಿ ಐತಿ. "ಇದನ್ನ ಮಾಡಿ ನೋಡು, ಎಡವಿದ್ರೆ ಬೀಳಬೇಡ, ಇಲ್ಲಿಗೆ ಬಾ" ಅಂತ ಅದರ ಅರ್ಥ. ಸುತ್ತ ವೈಲ್ ಟ್ರೂ ಹಾಕಿದ್ರೆ ಸರಿ ಉತ್ತರ ಬರೋವರೆಗೆ ತಿರುಗಿ ತಿರುಗಿ ಕೇಳ್ತಾನೇ ಇರುತ್ತೆ.

ಹಾಕಿದೆ. ಟ್ರೈ ಒಳಗೆ ಇಂಟ್ ಸಾಲಿಟ್ಟೆ. ಹೆಂಗೂ ಇರಲಿ ಅಂತ ತಂದ ಹಿಟ್ಟನ್ನ ಗೋದಾಮಿಗೆ ಸೇರಿಸೋ ಸಾಲನ್ನೂ ಅದರೊಳಗೇ ಹೊಸದಾಗಿ ಬರೆದೆ. ಕೆಳಗೆ ಬರೀ ಎಕ್ಸೆಪ್ಟ್, ಯಾವ ಎರರ್ ಅಂತ ಹೆಸರಿಲ್ಲ. ಅದರ ಕೆಳಗೆ ಮೆಸೇಜು: "ತಪ್ಪು ಇನ್‌ಪುಟ್. ಮತ್ತೆ ಪ್ರಯತ್ನಿಸಿ."

ನವನಗರ ದಾಟೋದ್ರೊಳಗೆ ಮುಗೀತು. ಓಡಿಸಿ ನೋಡಲಿಲ್ಲ. ನಿನ್ನೆವರೆಗೆ ಓಡ್ತಿತ್ತಲ್ಲ, ಇನ್ನೇನು ನೋಡೋದು?

ಸಂಜೆ ಅವ್ವನಿಗೆ ಕೊಟ್ಟು, "ಈಗ ಸರಿ ಮಾಡೀನಿ, ಬರೇ ಅಂಕಿ ಹಾಕು" ಅಂತ ಹೇಳಿ ಒಳಗೆ ಬಟ್ಟೆ ಮಡಚೋಕೆ ಹೋದೆ. ಸ್ವಲ್ಪ ಹೊತ್ತಿಗೆ ಅವ್ವ ಬಂದು ಫೋನ್ ಹಾಸಿಗೆ ಮೇಲಿಟ್ಟಳು.

"ನಂಗ ಇದು ಬರಂಗಿಲ್ಲ ಬಿಡವಾ. ನಾ ಬರೇ ತಪ್ಪ ಮಾಡ್ತೇನಿ."

ಫೋನ್ ಎತ್ತಿ ನೋಡಿದೆ.

5. ತಪ್ಪು ಇನ್‌ಪುಟ್. ಮತ್ತೆ ಪ್ರಯತ್ನಿಸಿ.
5. ತಪ್ಪು ಇನ್‌ಪುಟ್. ಮತ್ತೆ ಪ್ರಯತ್ನಿಸಿ.
05. ತಪ್ಪು ಇನ್‌ಪುಟ್. ಮತ್ತೆ ಪ್ರಯತ್ನಿಸಿ.
6. ತಪ್ಪು ಇನ್‌ಪುಟ್. ಮತ್ತೆ ಪ್ರಯತ್ನಿಸಿ.

ಹಿಂಗೆ ಹನ್ನೊಂದು ಸಲ. ಅವ್ವ ಹನ್ನೊಂದು ಸಲವೂ ಸರಿಯಾಗೇ ಬರೆದಿದ್ಲು.

(4/8)
"ನಾ ಬರೇ ತಪ್ಪ ಮಾಡ್ತೇನಿ." ಈ ಮಾತು ಅವ್ವನ ಬಾಯಲ್ಲಿ ಮೊದಲೂ ಕೇಳಿದ್ದೆ.

ಎರಡು ವರ್ಷದ ಹಿಂದೆ, ನಾನು ಸೆಕೆಂಡ್ ಪಿಯುಸಿ. ಒಂದು ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕಿತ್ತು, ಯಾವುದು ಅಂತ ಇಲ್ಲಿ ಬೇಡ. ನನಗೆ ಪರೀಕ್ಷೆ ಇತ್ತು, ಅವ್ವ ಒಬ್ಬಳೇ ಕಾಗದಪತ್ರ ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋದಳು. ಅದು ಕೊನೇ ದಿನ. ಅಂಗಡಿ ಹುಡುಗ ಅವ್ವ ಹೇಳಿದ್ದನ್ನೆಲ್ಲ ತುಂಬಿದ. ಒತ್ತಿದ್ರೆ ಕೆಂಪಕ್ಷರ: "ಸರಿಯಾದ ಮಾಹಿತಿ ನೀಡಿ." ಯಾವ ಖಾನೆ, ಏನು ತಪ್ಪು, ಒಂದೂ ಹೇಳಲಿಲ್ಲ. ಆಧಾರ್ ನಂಬರ್ ಮತ್ತೆ ಹಾಕಿದ್ರು. ಖಾತೆ ನಂಬರ್ ಮತ್ತೆ ಹಾಕಿದ್ರು. ಹುಟ್ಟಿದ ತಾರೀಖು ಸರೀನಾ ಅಂತ ಅವ್ವನನ್ನ ಮೂರು ಸಲ ಕೇಳಿದನಂತೆ. ಹಿಂದೆ ಪಾಳಿ ಬೆಳೀತು. ಅವ್ವನಿಗೇ ತನ್ನ ಮಗಳು ಹುಟ್ಟಿದ ದಿನದ ಮೇಲೆ ಅನುಮಾನ ಬಂತಂತೆ. ರಾತ್ರಿಗೆ ಅರ್ಜಿ ಬಂದಾತು.

ಆ ವರ್ಷದ ಖರ್ಚಿಗೆ ಬೆಂಡೋಲೆ ಅಡವಿಟ್ಟಳು. ಬಿಡಿಸಿಕೊಂಡು ಬಂದಿದ್ದು ಎಂಟು ತಿಂಗಳ ಮೇಲೆ.

ಅವತ್ತು ಮನೆಗೆ ಬಂದ ಅವ್ವನಿಗೆ ನಾನು ಏನಂದೆ ಗೊತ್ತಾ? "ಅಷ್ಟೂ ಸರಿಯಾಗಿ ಹೇಳಾಕ ಬರಲಿಲ್ಲೇನ ನಿನಗ?"

ಅಲ್ಲಿಂದ ಮುಂದೆ ಫೋನು ಏನೇ ಕೇಳಲಿ, ಅವ್ವ ಅದನ್ನ ನನ್ನ ಕೈಗೆ ಇಡ್ತಾಳೆ. ಗ್ಯಾಸ್ ಬುಕಿಂಗ್‌ಗೂ ಅಷ್ಟೇ. "ನೀನ ಒತ್ತವಾ, ನಾ ತಪ್ಪ ಒತ್ತಿಬಿಟ್ಟೇನು."

ಮರುವರ್ಷ ಅದೇ ಅರ್ಜಿ ನಾನೇ ತುಂಬಿದೆ. ಅದೇ ಕೆಂಪಕ್ಷರ. ತಲೆ ಕೆಟ್ಟು ಒಂದೊಂದೇ ಖಾನೆ ಬದಲಿಸ್ತಾ ಹೋದೆ. ಅಪ್ಪನ ಹೆಸರಿನ ಇನಿಶಿಯಲ್ ಮುಂದಿನ ಚುಕ್ಕಿ ತೆಗೆದ ತಕ್ಷಣ ಅರ್ಜಿ ದಾಟಿತು. ರೇಷನ್ ಕಾರ್ಡಿನಲ್ಲಿ ಚುಕ್ಕಿ ಇತ್ತು, ಅವ್ವ ಇದ್ದದ್ದು ಇದ್ದಂಗೇ ಹೇಳಿದ್ಲು. ಆ ಖಾನೆಗೆ ಚುಕ್ಕಿ ಸೇರ್ತಿರಲಿಲ್ಲ, ಅಷ್ಟೇ.

ಇದನ್ನ ಅವ್ವನಿಗೆ ಹೇಳಬೇಕಿತ್ತು. ಹೇಳಲಿಲ್ಲ.

(5/8)
ಈಗ ಗೇಮ್‌ಗೆ ಬರ್ತೀನಿ. 5 ಸರಿ ಇದ್ದೂ ಯಾಕೆ ತಪ್ಪು ಅಂತಿತ್ತು?

ಟ್ರೈ, ಎಕ್ಸೆಪ್ಟ್ ಎರಡೂ ತೆಗೆದು ಓಡಿಸಿದೆ. ಮುಚ್ಚಿಟ್ಟಿದ್ದ ಎರರ್ ಹೊರಗೆ ಬಂತು. ವ್ಯಾಲ್ಯೂಎರರ್ ಅಲ್ಲ, ನೇಮ್‌ಎರರ್. ಅಂದ್ರೆ "ಈ ಹೆಸರಿಂದು ನನಗ ಗೊತ್ತಿಲ್ಲ" ಅಂತ ಪೈಥಾನ್ ಹೇಳ್ತಿತ್ತು. ಗೋದಾಮಿಗೆ ಹಿಟ್ಟು ಸೇರಿಸೋ ಸಾಲಿನಲ್ಲಿ "ಹಿಟ್ಟು" ಅನ್ನೋ ವೇರಿಯಬಲ್‌ನ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಬಿಟ್ಟಿದ್ದೆ. ಆ ಸಾಲು ಟ್ರೈ ಒಳಗಿತ್ತು. ಬರೀ ಎಕ್ಸೆಪ್ಟ್ ಅಂತ ಬಿಟ್ರೆ ಅದು ಯಾವ ಎರರ್ ಆದ್ರೂ ಹಿಡಿದು ನುಂಗುತ್ತೆ. ಆಡೋರ ತಪ್ಪು, ಬರೆದವರ ತಪ್ಪು ಅಂತ ಭೇದ ಮಾಡಲ್ಲ. ಕಂಪ್ಯೂಟರ್‌ನಲ್ಲಿ ಕಂಟ್ರೋಲ್-ಸಿ ಒತ್ತಿ ನಿಲ್ಲಿಸೋಣ ಅಂದ್ರೆ ಅದನ್ನೂ ನುಂಗಿ "ತಪ್ಪು ಇನ್‌ಪುಟ್" ಅನ್ನುತ್ತೆ.

ಅಂದ್ರೆ ತಪ್ಪು ಬರೆದದ್ದು ನಾನು. ಪ್ರೋಗ್ರಾಮ್ ಬೈದದ್ದು ಅವ್ವನಿಗೆ. ಅವ್ವ ನಂಬಿದ್ದು ಪ್ರೋಗ್ರಾಮ್‌ನ.

ಇದು ಚಿಲ್ಲರೆ ವಿಷಯ ಅನ್ನಿಸಬಹುದು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಮೇಲೆದ್ದು ಒಂದು ನಿಮಿಷ ಆಗೋದ್ರೊಳಗೆ ಚೂರಾಯ್ತು. ಹಳೇ ಏರಿಯಾನ್ 4ರಿಂದ ತಂದ ಕೋಡ್‌ನಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನ 16 ಬಿಟ್‌ನ ಜಾಗಕ್ಕೆ ಬದಲಿಸೋ ಸಾಲಿತ್ತು. ಹೊಸ ರಾಕೆಟ್ಟಿನ ವೇಗಕ್ಕೆ ಬಂದ ದೊಡ್ಡ ಸಂಖ್ಯೆ ಆ ಜಾಗದಲ್ಲಿ ಹಿಡಿಸಲಿಲ್ಲ, ಎದ್ದ ಎರರ್‌ನ ಹಿಡಿಯೋ ಸಾಲು ಅಲ್ಲಿರಲಿಲ್ಲ. ಹಳೇ ರಾಕೆಟ್ಟಿನಲ್ಲಿ ಅದೇ ಕೋಡ್ ಚೆನ್ನಾಗೇ ಓಡಿತ್ತು. "ನಿನ್ನೆವರೆಗೆ ಓಡ್ತಿತ್ತಲ್ಲ" ಅಂತ ಚಿಗರಿ ಬಸ್ಸಿನಲ್ಲಿ ಅನ್ಕೊಂಡವಳು ನಾನೊಬ್ಬಳೇ ಅಲ್ಲ, ಅಂತ ಓದಿದಾಗ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಆ ರಾಕೆಟ್ಟಿನಲ್ಲಿ ಮನುಷ್ಯರು ಯಾರೂ ಇರಲಿಲ್ಲ. ನನ್ನ ಗೇಮ್‌ನಲ್ಲಿ ಅವ್ವ ಇದ್ಲು.

(6/8)
ಮತ್ತೆ ಮೊದಲಿಂದ ಬರೆದೆ. ನೀವೂ ಕಲೀತಿದ್ರೆ ಇದನ್ನ ಸೇವ್ ಮಾಡಿಟ್ಕೊಳ್ರಿ.

ಒಂದು: ಟ್ರೈ ಒಳಗೆ ಎಡವೋ ಸಾಲು ಮಾತ್ರ, ಅಂದ್ರೆ ಇಂಟ್ ಸಾಲೊಂದೇ. ಗೋದಾಮಿನ ಲೆಕ್ಕ ಹೊರಗೆ.

ಎರಡು: ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಅಂತ ಹೆಸರು ಬರೀರಿ. ಆಗ ನಿಮ್ಮ ಸ್ವಂತ ತಪ್ಪು ಕೆಂಪಾಗಿ ನಿಮ್ಮ ಕಣ್ಣಿಗೇ ಬೀಳುತ್ತೆ. ಬೀಳಬೇಕು.

ಮೂರು: ಜನ ಹೆಂಗೆ ಮಾತಾಡ್ತಾರೋ ಅದಕ್ಕೆ ಜಾಗ ಕೊಡ್ರಿ. ಇಂಟ್ ಕೈಗೆ ಕೊಡೋ ಮೊದಲು ರೀಪ್ಲೇಸ್‌ನಿಂದ "ಕೆಜಿ" ತೆಗೆದೆ. ಈಗ "5 ಕೆಜಿ" ಅಂದ್ರೂ ನಡೆಯುತ್ತೆ.

ನಾಲ್ಕು: "ತಪ್ಪು ಇನ್‌ಪುಟ್" ಅನ್ನೋದನ್ನ ಅಳಿಸಿಬಿಟ್ಟೆ. ಈಗ ಗೇಮ್ ಹೇಳೋದು ಹಿಂಗೆ: "ನೀವು 'ಐದು' ಅಂತ ಬರೆದ್ರಿ. ನನಗೆ ಅಕ್ಷರ ಲೆಕ್ಕಕ್ಕೆ ಬರಲ್ಲ, ಅಂಕಿ ಬೇಕು. ಉದಾಹರಣೆಗೆ 5." ಬಂದದ್ದೇನು, ಬೇಕಾದ್ದೇನು, ಹೆಂಗೆ ಬರೀಬೇಕು, ಮೂರೂ ಇರಬೇಕು.

ಐದು: ಎರಡು ಪ್ರಶ್ನೆಗೂ ಇದೇ ಕೆಲಸ, ಅದಕ್ಕೆ ಒಂದೇ ಫಂಕ್ಷನ್ ಮಾಡಿದೆ. ಅದರ ಹೆಸರು ಅಂಕಿ_ಕೇಳು. ಹೌದ್ರಿ, ಪೈಥಾನ್ 3ರಲ್ಲಿ ಕನ್ನಡದ ಹೆಸರೂ ನಡೆಯುತ್ತೆ.

ಆರು: ಓಡಿಸಿ ನೋಡ್ರಿ. ಸರಿ ಉತ್ತರ ಕೊಟ್ಟೂ ನೋಡ್ರಿ.

ರಾತ್ರಿ ಅವ್ವ ಮರುದಿನದ ಜೋಳ ಹಸನು ಮಾಡ್ತಿದ್ಲು. ಪಕ್ಕ ಕೂತೆ.

"ಅವ್ವಾ, ಆ ಗೇಮ್‌ನಾಗ ನೀ ಬರದಿದ್ದು ಸರಿ ಇತ್ತು. ನಾ ತಪ್ಪ ಬರದಿದ್ದೆ."

"ಹೌದಾ?"

"ಆ ಸ್ಕಾಲರ್‌ಶಿಪ್ ಅರ್ಜೀನೂ ನಿನ್ನಿಂದ ತಪ್ಪಿದ್ದಲ್ಲ. ಅಪ್ಪನ ಹೆಸರಿನಾಗ ಚುಕ್ಕಿ ಇತ್ತಲ್ಲ, ಅದು ಚುಕ್ಕಿ ತಗೋತಿರಲಿಲ್ಲ."

ಮೊರ ನಿಂತಿತು. "ಬರೇ ಚುಕ್ಕಿ?"

"ಹೂಂ. ನನಗ ಹೋದ ವರ್ಷನ ಗೊತ್ತಾಗಿತ್ತು."

ಅವ್ವ ಒಂದು ಕಲ್ಲು ಆರಿಸಿ ಆಚೆ ಒಗೆದಳು. "ಮತ್ತ ಹೋದ ವರ್ಷನ ಯಾಕ ಹೇಳಲಿಲ್ಲ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹೇಳಿದ್ರೆ ಅವತ್ತು ನಾನು ಅಂದ ಮಾತನ್ನೂ ವಾಪಸ್ ತಗೋಬೇಕಿತ್ತು, ಅದಕ್ಕೇ ಇರಬೇಕು. ಅವ್ವ ಮತ್ತೆ ಕೇಳಲಿಲ್ಲ. ಮೊರ ಮತ್ತೆ ಆಡಿತು.

(7/8)
ಅಂಕಿ ಬಂದ್ರೆ ಸಾಕು, ಎಲ್ಲ ಸರಿ ಅನ್ಕೊಂಡಿದ್ದೆ. ನಮ್ಮ ತಮ್ಮ ಒಂಬತ್ತನೇ ಕ್ಲಾಸು. ಫೋನ್ ಕಸಿದುಕೊಂಡು ಹೋಗಿ ಐದು ನಿಮಿಷಕ್ಕೆ ಬಂದ. "ಅಕ್ಕಾ, ನಾ ಗೆದ್ದೆ. ನಲವತ್ತೊಂದು ಸಾವಿರ."

₹1000 ಬಂಡವಾಳದಲ್ಲಿ ಹತ್ತು ದಿನಕ್ಕೆ ₹41,000? ನೋಡಿದ್ರೆ ಮಾರಿದ ರೊಟ್ಟಿ ಸೊನ್ನೆ. ಗೋದಾಮಿನಲ್ಲಿ ಹಿಟ್ಟು ಮೈನಸ್ 1000 ಕೆಜಿ.

ದಿನಾ "ಎಷ್ಟು ಕೆಜಿ ಹಿಟ್ಟು?" ಅಂದಾಗ ಆತ -100 ಅಂತ ಒತ್ತಿದ್ದ. ಮೈನಸ್ 100 ಇಂಟು 40, ಅಂದ್ರೆ ಮೈನಸ್ ₹4000 ಖರ್ಚು. ಖರ್ಚನ್ನ ಕಳೆಯೋದು ತಾನೆ? ಮೈನಸ್ ಕಳೆದ್ರೆ ಕೂಡುತ್ತೆ. ದಿನಕ್ಕೆ ₹4000 ಜಮಾ. ಕೈಯಲ್ಲಿಲ್ಲದ ಹಿಟ್ಟನ್ನ ನನ್ನ ಗೇಮ್‌ಗೇ ಮಾರಿದ್ದ. ಷೇರುಪೇಟೆಯಲ್ಲಿ ಹಿಂಗೆ ಮಾಡೋದಕ್ಕೆ ಶಾರ್ಟ್ ಸೆಲ್ಲಿಂಗ್ ಅಂತಾರೆ, ಆದ್ರೆ ಅಲ್ಲಿ ಎರವಲು ತಂದದ್ದನ್ನ ವಾಪಸ್ ಕೊಡಬೇಕು. ನನ್ನ ಗೇಮ್ ಕೇಳಲೇ ಇಲ್ಲ.

ಬಿಕಾಂನವರಿಗೆ ಇದು ಥಟ್ಟನೆ ಹೊಳೆಯುತ್ತೆ. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಕೂಡಿಬಂದ್ರೆ ಪುಸ್ತಕ ಸರಿ ಅಂತಲ್ಲ. ಒಂದು ವ್ಯವಹಾರವನ್ನ ಪೂರ್ತಿ ಬರೆಯದೇ ಬಿಟ್ರೂ ಅದು ಕೂಡಿಬರುತ್ತೆ. ಬಾಡಿಗೆ ಖಾತೆಗೆ ಹೋಗಬೇಕಾದ್ದು ಸಂಬಳ ಖಾತೆಗೆ ಹೋದ್ರೂ ಕೂಡಿಬರುತ್ತೆ. ವ್ಯಾಲ್ಯೂಎರರ್ ಅನ್ನೋದು ಟ್ರಯಲ್ ಬ್ಯಾಲೆನ್ಸ್‌ಗೆ ಸಿಗೋ ತಪ್ಪು. -100 ಅನ್ನೋದು ಅದಕ್ಕೆ ಸಿಗದ ತಪ್ಪು. ಇಂಟ್‌ಗೆ ಅದು ಸರಿಯಾದ ಸಂಖ್ಯೆಯೇ. ಅಂಗಡಿಗೆ ಅಲ್ಲ.

ಹಂಗಾಗಿ ಅಂಕಿ ಆದ ಮೇಲೆ ಇನ್ನೊಂದು ಜರಡಿ: ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಗರಿಷ್ಠ ಸುಲಭ, ಕೈಯಲ್ಲಿರೋ ರೊಕ್ಕ ಭಾಗಿಸು 40. ₹1000 ಇದ್ರೆ 25 ಕೆಜಿ. ಕನಿಷ್ಠ 1 ಅಂತ ಹಾಕಿದ್ದೆ. ಅವ್ವ ಬಾಗಿಲಲ್ಲೇ ನಿಂತು ಕೇಳಿದಳು, "ಅಮಾಸಿ ದಿನ ನಾ ರೊಟ್ಟಿ ಬಡಿಯಂಗಿಲ್ಲಲ್ಲ, ಅವತ್ತ ಏನ ಬರೀಲಿ?"

ಸೊನ್ನೆಯೂ ಸರಿಯಾದ ಉತ್ತರ. ಅದು ಯಾವ ವಿಡಿಯೋದಲ್ಲೂ ನನಗೆ ಸಿಕ್ಕಿರಲಿಲ್ಲ.

(8/8)
ಭಾನುವಾರ ಅವ್ವ ತಾನಾಗೇ "ಎಲ್ಲೈತಿ ನನ್ನ ಅಂಗಡಿ?" ಅಂತ ಫೋನ್ ಇಸ್ಕೊಂಡಳು. ಕೀಬೋರ್ಡ್ ಕನ್ನಡದಲ್ಲಿತ್ತು. ಒತ್ತಿದ್ದು ಹಿಂಗೆ: ೫ ಕೆಜಿ.

ಎದೆ ಧಸಕ್ ಅಂತು. ಕನ್ನಡ ಅಂಕಿಗೆ ನಾನು ಏನೂ ಬರೆದೇ ಇರಲಿಲ್ಲ. ಮತ್ತೆ ಅವ್ವನಿಗೆ ಬೈಸಿದಂಗೆ ಆಗ್ತೈತಿ ಅಂತ ಕೈ ಮುಂದೆ ಮಾಡಿದೆ. ಗೇಮ್ ಸುಮ್ಮನೆ ಮುಂದಿನ ಪ್ರಶ್ನೆ ಕೇಳಿತು. ಲೆಕ್ಕ ನೋಡಿದ್ರೆ ಸರಿಯಾಗಿ ₹200 ಕಳೆದಿತ್ತು.

ಪೈಥಾನ್‌ನ ಇಂಟ್‌ಗೆ ಕನ್ನಡ ಅಂಕಿಗಳು ಮೊದಲೇ ಬರ್ತಾವು. ೦ಯಿಂದ ೯ರವರೆಗೆ ಎಲ್ಲಾ. ದೇವನಾಗರಿ ಅಂಕಿನೂ ತಗೊಳ್ಳುತ್ತೆ. ಯುನಿಕೋಡ್‌ನಲ್ಲಿ ದಶಮಾಂಶ ಅಂಕಿ ಅಂತ ಗುರುತಾದ ಎಲ್ಲವೂ ಅದಕ್ಕೆ ಒಂದೇ. ನೀವೂ ನಂಬದಿದ್ರೆ ಓಡಿಸಿ ನೋಡ್ರಿ. (ಒಂದು ಎಚ್ಚರಿಕೆ: ಇಂಟ್ ಬದಲು ಈಸ್‌ಡಿಜಿಟ್‌ನಿಂದ ಪರೀಕ್ಷೆ ಮಾಡಿದ್ರೆ ತಲೆ ಮೇಲಿನ ಪುಟ್ಟ ವರ್ಗದ ² ಕೂಡ ಪಾಸಾಗುತ್ತೆ, ಆಮೇಲೆ ಇಂಟ್ ಅದನ್ನ ಒಪ್ಪಲ್ಲ. ಬೇಕಿದ್ರೆ ಈಸ್‌ಡೆಸಿಮಲ್ ಬಳಸ್ರಿ.) ದೂರದ ಯಾರೋ, ನಮ್ಮವ್ವನ ಮುಖ ನೋಡದವರು, ೫ ಅಂದ್ರೂ ಐದೇ ಅಂತ ಮೊದಲೇ ಯೋಚನೆ ಮಾಡಿಟ್ಟಿದ್ರು. ಒಂದೇ ಮನೆಯಲ್ಲಿರೋ ನನಗೆ "5 ಕೆಜಿ" ಹೊಳೆದಿರಲಿಲ್ಲ.

ಅವ್ವ ಆರು ದಿನ ಆಡಿದಳು. ಮೂರನೇ ದಿನ ನಷ್ಟ, ಆಮೇಲೆ ಖಡಕ್ ರೊಟ್ಟಿ ಮಾರಿ ತುಂಬಿಕೊಂಡಳು. ಏಳನೇ ದಿನ ಕುಕ್ಕರ್ ಸೀಟಿ ಹೊಡೀತು. ಅವ್ವ ಬರೆದಳು: ಸಾಕು.

"ನೀವು 'ಸಾಕು' ಅಂತ ಬರೆದ್ರಿ. ನನಗೆ ಅಕ್ಷರ ಲೆಕ್ಕಕ್ಕೆ ಬರಲ್ಲ, ಅಂಕಿ ಬೇಕು. ಉದಾಹರಣೆಗೆ 5."

ಸಾಕು.

"ನೀವು 'ಸಾಕು' ಅಂತ ಬರೆದ್ರಿ..."

ಈ ಸಲ ಅವ್ವ ಫೋನ್ ಹಾಸಿಗೆ ಮೇಲೆ ಇಡಲಿಲ್ಲ. ನನ್ನ ಮುಖದ ಮುಂದೆ ಹಿಡಿದಳು.

"ಏ, ಸಾಕಂದ್ರೂ ಬಿಡವಲ್ದು ಇದು. ನಿಂದ ಏನೋ ತಪ್ಪೈತಿ, ನೋಡು."

ನೋಡಿದೆ. ತಪ್ಪು ನಂದೇ ಇತ್ತು. ಹೊರಗೆ ಹೋಗೋ ದಾರಿ ಇಲ್ಲದ ವೈಲ್ ಟ್ರೂ ಬರೆದಿದ್ದೆ. ಈಗ ಇಂಟ್‌ಗಿಂತ ಮೊದಲು ಒಂದು ಸಾಲು ಸೇರಿಸೀನಿ: ಬಂದದ್ದು "ಸಾಕು" ಅಂತಿದ್ರೆ ಲೆಕ್ಕ ತೋರಿಸು, ಮುಗಿಸು.

ನಿಮ್ಮ ಮನೆಯಲ್ಲೂ "ನೀನ ಒತ್ತು, ನನಗ ಬರಂಗಿಲ್ಲ" ಅನ್ನೋರು ಇದ್ರೆ, ಅವರು ಏನು ಒತ್ತಿದ್ರು ಅಂತ ಒಂದು ಸಲ ನೋಡ್ರಿ. ಸರಿಯಾಗೇ ಒತ್ತಿರಬಹುದು.

#ರೊಟ್ಟಿಅಂಗಡಿ #ಬಿಕಾಂಪೈಥಾನ್ #ಹುಬ್ಬಳ್ಳಿಧಾರವಾಡ